ಉಪ್ಪು ಬೆರೆಸಿದ ಐಸು

ನನ್ನ ಹೊಟ್ಟೆಗೆ ಚುಚ್ಚಿಕೊಳ್ಳಬೇಕಾದ ಇಂಜೆಕ್ಷನ್ನು ಬಂಗಡೆ ಮೀನಿನ ಪಕ್ಕದಲ್ಲಿ ಮಲಗಿತ್ತು.

ಬೆಳಿಗ್ಗೆ ಎದ್ದು, ಕರೆಂಟು ಆಗಲೇ ಹೋಗಿದ್ದು ಕಂಡ ಕೂಡಲೇ ನಾನು ಓಡಿದ್ದು ಫ್ರಿಜ್ಜಿನ ಹತ್ತಿರ. ಹಾಲು, ಮೊಸರು, ಮೊನ್ನೆಯ ಸಾರು ಎಲ್ಲವೂ ಇದ್ದವು. ಔಷಧಿಯ ಡಬ್ಬಿ ಮಾತ್ರ ಇರಲಿಲ್ಲ. ಹಿತ್ತಲಿನಲ್ಲಿ ನನ್ನ ಅತ್ತೆ ದುರ್ಗಮ್ಮ ಮೀನು ಮಾರಲು ಹೊನ್ನಾವರಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರು. ಯಾಕೋ ಅನುಮಾನ ಬಂದು ಅವರ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಪುಡಿ ಐಸು, ಅದರ ಮೇಲೆ ಸಾಲಾಗಿ ಬಂಗಡೆ, ಮೂಲೆಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ನನ್ನ ಡಬ್ಬಿ. ಬಿಚ್ಚಿ ನೋಡಿದರೆ, ನೀರಿನ ಹಾಗೆ ತಿಳಿಯಾಗಿರಬೇಕಾದ ಔಷಧಿ ಸಿರಿಂಜಿನೊಳಗೆ ಬೆಳ್ಳಗೆ ಕಲ್ಲಾಗಿತ್ತು.

"ಎಂತಕ್ಕೆ ಇದನ್ನ ಇಲ್ಲಿ ಇಟ್ರಿ?" ಎಂದೆ.

"ನಸುಕಿಗೇ ಕರೆಂಟ್ ಹೋತಲೆ," ಎಂದರು ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ತಣ್ಣಗೆ ಇರ್ಬೇಕು ಅಂತ ನೀನೇ ಹೇಳಿದ್ಯಲೆ. ಬರೀ ಐಸು ಸಾಕಾಗೂದಿಲ್ಲ ಅಂತ ಮುಷ್ಟಿ ಉಪ್ಪೂ ಹಾಕಿಟ್ಟೆ."

ಕಾಸರಕೋಡಿನ ನಮ್ಮ ಕೇರಿಯಲ್ಲಿ ಉಪ್ಪಿನ ಈ ವಿದ್ಯೆ ಯಾರಿಗೂ ಕಲಿಸಬೇಕಾಗಿಲ್ಲ. ಐಸಿಗೆ ಉಪ್ಪು ಬೆರೆಸಿದರೆ ಅದು ಬರೀ ಐಸಿಗಿಂತ ಹೆಚ್ಚು ಕೊರೆಯುತ್ತದೆ. ಅದರಲ್ಲಿಟ್ಟ ಮೀನು ಹಲಗೆಯ ಹಾಗೆ ಸೆಟೆದುಕೊಳ್ಳುತ್ತದೆ. ಬಂಗಡೆ, ಬೈಗೆಯಂಥ ಅಗ್ಗದ ಮೀನಿಗೆಲ್ಲ ಯಾರೂ ಉಪ್ಪು ದಂಡ ಮಾಡುವುದಿಲ್ಲ. ದೂರದ ಊರಿಗೆ ಹೋಗುವ ಇಸವಾಣದಂಥ ದುಬಾರಿ ಮೀನಿಗೆ ಮಾತ್ರ ಆ ಉಪಚಾರ. ನನ್ನ ಔಷಧಿಗೆ ಅತ್ತೆ ಇಸವಾಣದ ಮರ್ಯಾದೆ ಕೊಟ್ಟಿದ್ದರು.

"ನಿನ್ನೆನೂ ಹೀಂಗೇ ಇಟ್ಟಿದ್ದೆ," ಎಂದು ಅವರು ಮುಂದುವರಿಸಿದರು, ಹೊಗಳಿಕೆಗೆ ಕಾಯುವವರಂತೆ. "ಮಧ್ಯಾಹ್ನ ಕರೆಂಟ್ ಹೋಗಿ ಎಷ್ಟೋ ಹೊತ್ತು ಬರ್ಲೇ ಇಲ್ಲ. ಬಂದ್ಮೇಲೆ ತಿರುಗಿ ಫ್ರಿಜ್ಜಿಗೆ ಹಾಕ್ದೆ. ನೀ ಅಂಗಡಿಯಿಂದ ಬರೂದ್ರ ಒಳಗೆ ಎಲ್ಲಾ ಸಮ ಮಾಡಿಟ್ಟಿದ್ದೆ."

ನಿನ್ನೆ! ಹೊನ್ನಾವರದ ಬಲೆ ಅಂಗಡಿಯ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಫ್ರಿಜ್ಜಿನಿಂದ ಸಿರಿಂಜು ತೆಗೆದು, ದೇವರ ಹೆಸರು ಹೇಳಿ ಚುಚ್ಚಿಕೊಂಡಿದ್ದೆ. ಅದು ಆಗಲೇ ಒಮ್ಮೆ ಕಲ್ಲಾಗಿ ಕರಗಿದ್ದ ಔಷಧಿ. ನೋಡಲಿಕ್ಕೆ ಏನೂ ವ್ಯತ್ಯಾಸ ಇರಲಿಲ್ಲ. ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಆ ಔಷಧಿ ಎಂಥದ್ದು ಎಂದು, ಮಗುವಿಗಾಗಿ ನನಗೆ ಐವಿಎಫ್ ಚಿಕಿತ್ಸೆ ಕೊಡುತ್ತಿದ್ದ ಕುಮಟೆಯ ಡಾಕ್ಟರ್ ಚಂದನಾ ನಮಗೆ ಮೊದಲೇ ಚಿತ್ರ ಬರೆದು ತೋರಿಸಿದ್ದರು. ಒಂದು ಬಗೆಯ ಇಂಜೆಕ್ಷನ್ನು ಹಲವು ಅಂಡಗಳನ್ನು ಒಟ್ಟಿಗೆ ಬೆಳೆಸುತ್ತದೆ. ಅವು ಬೆಳೆದದ್ದು ತಿಳಿದ ಮೆದುಳು, ಸಾಕು, ಇನ್ನು ಬಿಟ್ಟುಬಿಡು ಎಂದು ಒಂದು ಹಾರ್ಮೋನಿನ ಕೈಯಲ್ಲಿ ಅಪ್ಪಣೆ ಕಳಿಸುತ್ತದೆ. ಆ ಅಪ್ಪಣೆ ತಲುಪಿದರೆ ಅಂಡಗಳು ಕೋಶ ಒಡೆದುಕೊಂಡು ಹೊಟ್ಟೆಯೊಳಗೆ ಹೋಗಿಬಿಡುತ್ತವೆ. ಆಮೇಲೆ ಯಾವ ಡಾಕ್ಟರ ಸೂಜಿಗೂ ಅವು ಸಿಗುವುದಿಲ್ಲ. ಅದಕ್ಕೇ ಈ ಎರಡನೆಯ ಇಂಜೆಕ್ಷನ್ನು. ಅಂಡಗಳನ್ನು ಹೊರತೆಗೆಯುವ ದಿನದ ತನಕ ಅದು ಆ ಅಪ್ಪಣೆಯನ್ನು ತಡೆದು ನಿಲ್ಲಿಸುತ್ತದೆ. ಒಂದು ದಿನ ಅದು ಕೈಕೊಟ್ಟರೂ ಅಷ್ಟು ದಿನದ ತಪಸ್ಸೆಲ್ಲ ನೀರಿನಲ್ಲಿ ಹೋಮ.

ಇದಕ್ಕೆ ಮುಂಚೆ ಎರಡು ಸಲ ಇದೇ ಚಿಕಿತ್ಸೆ ಮಾಡಿಸಿ ಕೈಸುಟ್ಟುಕೊಂಡಿದ್ದೆವು. ನನ್ನ ಅಂಡಗಳ ದಾಸ್ತಾನು ಮುಗಿಯುತ್ತ ಬಂದಿದೆ, ಮುಂದಿನ ಸಲಕ್ಕೆ ಏನಾದರೂ ಉಳಿದಿರುತ್ತದೆ ಎಂಬ ಭರವಸೆ ಕೊಡಲಾರೆ ಎಂದು ಡಾಕ್ಟರ್ ನೇರವಾಗಿಯೇ ಹೇಳಿದ್ದರು. ಈ ಸಲ ಮಾತ್ರ ಪವಾಡದ ಹಾಗೆ ಎರಡೂ ಕಡೆ ಚೆನ್ನಾಗಿ ಬೆಳೆದಿದ್ದವು. ಸ್ಕ್ಯಾನಿನ ಪರದೆಯ ಮೇಲೆ ಆ ಕಪ್ಪು ಉರುಟುಗಳನ್ನು ನೋಡಿ, ಹೆಸರಿಡುವುದೊಂದು ಬಾಕಿ ಎನ್ನುವಷ್ಟು ಹಿಗ್ಗಿದ್ದೆ.

ಫೋನ್ ಎತ್ತಿದ ಡಾಕ್ಟರ್ ಎಲ್ಲವನ್ನೂ ಕೇಳಿಸಿಕೊಂಡರು.

"ಕಲ್ಲಾದದ್ದನ್ನು ಚುಚ್ಚಿಕೊಳ್ಳಬೇಡಿ, ಬಿಸಾಡಿ," ಎಂದರು. "ಆ ಔಷಧಿ ಹೆಪ್ಪುಗಟ್ಟಬಾರದು ಸುಚಿತಾ. ಒಂದಿಷ್ಟು ಹೊತ್ತು ಹೊರಗೆ ಮೇಜಿನ ಮೇಲೆ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ."

"ನಿನ್ನೆ ಚುಚ್ಚಿಕೊಂಡದ್ದು ಕೆಲಸ ಮಾಡಿರ್ತದಾ ಮೇಡಂ?"

"ಮಾಡಿರಬಹುದು. ಮಾಡದೆಯೂ ಇರಬಹುದು. ಕೂತಲ್ಲಿಂದ ಹೇಳಲಿಕ್ಕೆ ಆಗುವುದಿಲ್ಲ. ಇವತ್ತಿನದ್ದು ಮಾತ್ರ ಆದಷ್ಟು ಬೇಗ ದೇಹಕ್ಕೆ ಸೇರಬೇಕು. ನಮ್ಮಲ್ಲಿ ಸ್ಟಾಕ್ ಮುಗಿದಿದೆ, ಬರುವ ಗಾಡಿ ಘಟ್ಟದಲ್ಲಿ ಸಿಕ್ಕಿಬಿದ್ದಿದೆ. ಭಟ್ಕಳದಲ್ಲಿ ಒಂದು ಮೆಡಿಕಲ್ ಅಂಗಡಿಯಲ್ಲಿ ಇದೆ, ನಾನೇ ಫೋನ್ ಮಾಡಿ ತೆಗೆದಿಡಿಸುತ್ತೇನೆ. ಅಲ್ಲೇ ಚುಚ್ಚಿಕೊಂಡು ಸೀದಾ ಇಲ್ಲಿಗೆ ಬನ್ನಿ. ಸ್ಕ್ಯಾನ್ ಮಾಡಿ ನೋಡುವ."

"ಒಡೆದು ಹೋಗಿದ್ರೆ?"

"ಬನ್ನಿ. ನೋಡುವ."

ಡಾಕ್ಟರುಗಳು 'ನೋಡುವ' ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ.

ನನ್ನ ಗಂಡ ಕಿರಣ ಬೋಟಿನ ಮೇಲೆ ಆಳಸಮುದ್ರದಲ್ಲಿದ್ದ. ಅವನಿಗೆ ಕಳಿಸಿದ ಮೆಸೇಜಿನ ಪಕ್ಕ ಒಂದೇ ಟಿಕ್ ಗುರುತು ಬಿದ್ದು ಹಾಗೇ ಉಳಿಯಿತು, ಅದು ತಲುಪಲಿಲ್ಲ. ನೆರೆಮನೆಯ ಸುಬ್ಬ ತನ್ನ ಓಮ್ನಿ ವ್ಯಾನು ಹೊರತೆಗೆದ. ಸ್ಕೂಟರಿನಲ್ಲಿ ಹೋಗುವ ಹಾಗಿರಲಿಲ್ಲ. ಅಂಡಾಶಯಗಳು ಉಬ್ಬಿವೆ, ಕುಲುಕಾಟ ಬೇಡ ಎಂದು ಮೊದಲೇ ತಾಕೀತಾಗಿತ್ತು. ನಾನು ಹತ್ತಿ ಬಾಗಿಲು ಎಳೆಯುವಷ್ಟರಲ್ಲಿ ಅತ್ತೆ ಬಂದು ಪಕ್ಕದಲ್ಲಿ ಕುಳಿತರು. ಮೀನಿನ ಪೆಟ್ಟಿಗೆಯನ್ನು ಪಕ್ಕದ ಮನೆಯ ಸಣ್ಣಿ ಎಂಬವಳಿಗೆ ಒಪ್ಪಿಸಿ ಬಂದಿದ್ದರು. ಅವರನ್ನು ನಾನು ಕರೆದಿರಲಿಲ್ಲ. ಇಳಿಯಿರಿ ಎನ್ನಲು ಬಾಯಿ ತೆರೆದವಳು, ಸುಬ್ಬನ ಎದುರು ಜಗಳ ಬೇಡವೆಂದು ಬಾಗಿಲು ಎಳೆದುಕೊಂಡೆ.

ಭಟ್ಕಳದ ದಾರಿ ನನಗೆ ಅಷ್ಟು ಉದ್ದವಾಗಿ ಯಾವತ್ತೂ ಕಂಡಿರಲಿಲ್ಲ. ಹೆದ್ದಾರಿಯ ಪ್ರತಿ ಗುಂಡಿಗೂ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಳಗೆ ಏನಾಗುತ್ತಿದೆ ಎಂದು ಗೊತ್ತಾಗದಿರುವುದು ಎಂಥ ಹಿಂಸೆ! ನನ್ನದೇ ಹೊಟ್ಟೆ, ನನಗೇ ಸುದ್ದಿಯಿಲ್ಲ. ಇದೀಗ ಈ ಕ್ಷಣದಲ್ಲಿ ಒಂದು ಒಡೆಯುತ್ತಿರಬಹುದು, ಮುಂದಿನ ತಿರುವಿನಲ್ಲಿ ಇನ್ನೊಂದು. ಭಯ ಹೆಚ್ಚಾದ ಹಾಗೆ ಸಿಟ್ಟೂ ಹೆಚ್ಚಾಯಿತು. ನನ್ನ ಸ್ವಭಾವವೇ ಹಾಗೆ. ಅಳು ಬರುವ ಜಾಗದಲ್ಲಿ ನನಗೆ ಸಿಟ್ಟು ಬರುತ್ತದೆ.

ಈ ತಡೆಯುವ ಇಂಜೆಕ್ಷನ್ನು ಅತ್ತೆಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ನಾನು ಅದನ್ನು ವಿವರಿಸಿ ಹೇಳಿದ ದಿನ ಅವರು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟು ಕೇಳಿದ್ದರು: "ಮಳೆಗಾಲದಲ್ಲಿ ಮೀನು ತತ್ತಿ ಬಿಡ್ಲಿ ಅಂತ ನಾವು ಬೋಟು ಕಟ್ಟಿಡೂದು, ಬಲೆ ಮುಟ್ಟೂದಿಲ್ಲ. ನಿನ್ನ ಡಾಕ್ಟರು ತತ್ತಿ ಬಿಡಬಾರ್ದು ಅಂತ ಸೂಜಿ ಚುಚ್ಚೂದಾ? ಮಕ್ಕಳು ಬೇಕಾದವ್ರು ಮಾಡೂ ಕೆಲಸನಾ ಇದು? ಬರೂದನ್ನ ತಡೀಬಾರ್ದು." ಆಗ ನಾನು ನಕ್ಕಿದ್ದೆ. ಬಲೆ ಅಂಗಡಿಯ ಹುಡುಗಿಯರಿಗೂ ಹೇಳಿ ನಗಿಸಿದ್ದೆ. ಈಗ ಮಂಕಿ ದಾಟುವಾಗ ಅದೇ ಮಾತು ಗಂಟಲಿನ ಮುಳ್ಳಿನ ಹಾಗೆ ಚುಚ್ಚತೊಡಗಿತು.

"ನೀವು ಬೇಕಂತಲೇ ಮಾಡಿದ್ದು," ಎಂದೆ.

ಅತ್ತೆ ನನ್ನ ಕಡೆ ತಿರುಗಿದರು.

"ಈ ಸೂಜಿ ನಿಮ್ಗೆ ಬೇಡವೇ ಇತ್ತು. ತಡೀಬಾರ್ದು ಅಂತ ಅವತ್ತೇ ಹೇಳಿದ್ರಲೆ? ಬಾಯಲ್ಲಿ ಹೇಳಿದ್ದು ಸಾಕಾಗ್ಲಿಲ್ಲ ಅಂತ ಕೈಯಲ್ಲಿ ಮಾಡಿ ತೋರ್ಸಿದ್ರಿ. ಉಪ್ಪು ಬೇರೆ! ಮೀನು ಮಾರಿ ಮಾರಿ ಮುದುಕಿ ಆದವ್ರಿಗೆ ಉಪ್ಪು ಹಾಕಿದ್ರೆ ಎಂತ ಆತದೆ ಅಂತ ಗೊತ್ತಿಲ್ಲದೆ ಹೋತಾ?"

ಸುಬ್ಬ ರೇಡಿಯೋದ ಧ್ವನಿ ಏರಿಸಿದ. ಅದು ಯಾವುದೋ ಗೊಬ್ಬರದ ಜಾಹೀರಾತು.

ದುರ್ಗಮ್ಮನ ಬಾಯಿಗೆ ಇಡೀ ಮೀನು ಮಾರ್ಕೆಟ್ಟು ಹೆದರುತ್ತದೆ. ಚೌಕಾಸಿ ಮಾಡಿದ ಗಿರಾಕಿಗಳ ಏಳು ತಲೆಮಾರನ್ನು ಅವರು ಎಬ್ಬಿಸಿ ಮಲಗಿಸಿದ್ದನ್ನು ನಾನೇ ಕಂಡಿದ್ದೇನೆ. ನನಗೂ ಅವರಿಗೂ ಜಗಳವೇನೂ ಹೊಸತಲ್ಲ. ನಾನು ಒಂದು ಹೇಳಿದರೆ ಅವರು ಹತ್ತು ಹೇಳಿ, ಸಂಜೆಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಹುರಿದ ಮೀನು ತಿನ್ನುತ್ತಿದ್ದೆವು. ಇವತ್ತೂ ಅವರು ತಿರುಗಿ ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೇ ಬಯಸಿದೆ. ಆದರೆ ಅವರು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನಿನ್ನೂ ಶಾಂತವಾಗಿರಲಿಲ್ಲ.

ಭಟ್ಕಳದ ಅಂಗಡಿಯವರು ನವಾಯತ ಮುಸ್ಲಿಮರು. ಫೋನಿನಲ್ಲಿ ಯಾರೊಂದಿಗೋ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದವರು ನಮ್ಮನ್ನು ಕಂಡು ಅದನ್ನು ಕೆಳಗಿಟ್ಟರು. "ಕುಮಟೆ ಡಾಕ್ಟರು ಹೇಳಿದ್ದು ನಿಮ್ಗಾ? ಒಂದೇ ಉಳಿದದ್ದು, ತೆಗೆದಿಟ್ಟಿದ್ದೇನೆ," ಎಂದು ಒಳಗಿನ ಗಾಜಿನ ಫ್ರಿಜ್ಜಿನ ಕಡೆ ಹೋದರು.

ಆಗ ಅತ್ತೆ ಬಾಯಿ ಬಿಟ್ಟರು. "ಇಲ್ಲೂ ಕರೆಂಟ್ ಹೋಗಿತ್ತಾ?"

"ಹೋಗಿತ್ತು. ಇನ್ವರ್ಟರ್ ಇದೆ ಅಮ್ಮ."

"ಐಸಲ್ಲಿ ಇಟ್ಟಿರ್ಲಿಲ್ಲ ಅಲ್ದಾ?"

"ಐಸಲ್ಲಾ? ಔಷಧಿಯನ್ನು ಐಸಲ್ಲಿ ಯಾರು ಇಡ್ತಾರೆ?" ಎಂದು ಅವರು ನಕ್ಕರು. ಪಾಪ, ಅವರಿಗೇನು ಗೊತ್ತು! ಅತ್ತೆಯ ಮುಖ ಹುಳ್ಳಗಾಯಿತು. ಆದರೂ ಅವರು ಸುಮ್ಮನಾಗಲಿಲ್ಲ. ಕೌಂಟರಿನ ಮಗ್ಗುಲಿನಿಂದ ನುಗ್ಗಿ, ಅಂಗಡಿಯವರು ಬೇಡ ಬೇಡ ಎನ್ನುತ್ತಿದ್ದಂತೆಯೇ ಫ್ರಿಜ್ಜಿನೊಳಗೆ ತಮ್ಮ ಕೈಯನ್ನೇ ತೂರಿಸಿ ಎಷ್ಟು ತಣ್ಣಗಿದೆ ಎಂದು ನೋಡಿದರು. ಆಮೇಲೆ ಸಿರಿಂಜನ್ನು ಬೆಳಕಿಗೆ ಹಿಡಿದು ತೋರಿಸಿ ಎಂದರು. ಒಳಗಿನ ಔಷಧಿ ತಿಳಿಯಾಗಿತ್ತು. ಆದರೆ ನಿನ್ನೆಯದೂ ತಿಳಿಯಾಗಿಯೇ ಇತ್ತಲ್ಲ.

ಅಂಗಡಿಯ ಹಿಂದೆ, ಪರದೆ ಕಟ್ಟಿದ ಮೂಲೆಯಲ್ಲಿ ರಟ್ಟಿನ ಡಬ್ಬಗಳ ನಡುವೆ ನಿಂತು ಚುಚ್ಚಿಕೊಂಡೆ. ಮೊದಲ ಸಲ ಸೂಜಿ ಓರೆಯಾಯಿತು. ಮನೆಯಲ್ಲಿ ಪ್ರತಿ ಸಲವೂ ಅತ್ತೆ ಪಕ್ಕದಲ್ಲಿ ನಿಂತು, ಮುಖ ಆಚೆ ತಿರುಗಿಸಿ, "ಆತಾ? ಆತಾ?" ಎಂದು ಕೇಳುತ್ತಿದ್ದರು. ಅದು ನನಗೆ ಕಿರಿಕಿರಿಯಾಗುತ್ತಿತ್ತು. ಇವತ್ತು ಪರದೆಯ ಆಚೆ ಅವರ ಚಪ್ಪಲಿ ಕಾಣುತ್ತಿತ್ತು. ಅವು ಅಲುಗಲಿಲ್ಲ, ಪ್ರಶ್ನೆಯೂ ಬರಲಿಲ್ಲ.

ವಾಪಸು ಬರುವಾಗ ಮುರ್ಡೇಶ್ವರ ಬಿಟ್ಟು ಸ್ವಲ್ಪ ದೂರದಲ್ಲಿ ಬಲಗಡೆ ಹೊಟ್ಟೆಯಲ್ಲಿ ಚುಳ್ಳೆಂದಿತು. ಚೂಪಾದ, ಸಣ್ಣ ನೋವು. ಒಂದು ಗಳಿಗೆ ಇದ್ದು ಹೋಯಿತು. ಅದು ಒಡೆದದ್ದೋ, ಬರೀ ವಾಯುವೋ, ಸೂಜಿಯ ಉರಿಯೋ? ಮತ್ತೆ ಬರಬಹುದು ಎಂದು ಕಾದೆ. ಮತ್ತೆ ಬರಲಿಲ್ಲ, ಹಾಗೆಂದು ಸಮಾಧಾನವೂ ಆಗಲಿಲ್ಲ. ನೋವು ನಿಂತದ್ದಕ್ಕೂ ನಾನು ಹೆದರಿದೆ.

"ಎಂತ ಆತು?" ಎಂದರು ಅತ್ತೆ.

"ಎಂತ ಇಲ್ಲ."

"ನೋವ್ತದಾ?"

"ನಿಮ್ಗೆಂತಕ್ಕೆ?"

ಅಪ್ಸರಕೊಂಡದ ತಿರುವಿನಲ್ಲಿ ಪ್ರವಾಸಿಗಳ ಬಸ್ಸೊಂದು ಅಡ್ಡ ತಿರುಗಿ ನಿಂತು ದಾರಿ ಕಟ್ಟಿತ್ತು. ಜಲಪಾತ ನೋಡಲು ಬಂದವರು ಇಳಿದು ಕಡಲೆ ತಿನ್ನುತ್ತ ಸೆಲ್ಫಿ ಹೊಡೆಯುತ್ತಿದ್ದರು. ನಾನು ಕಿಟಕಿಯಿಂದ ತಲೆ ಹಾಕಿ ಕೂಗಾಡುವ ಮೊದಲೇ ಅತ್ತೆ ಕೆಳಗಿಳಿದಿದ್ದರು. ಸೊಂಟಕ್ಕೆ ಕೈಯಿಟ್ಟು ಬಸ್ಸಿನ ಡ್ರೈವರನ ಎದುರು ನಿಂತು ಏನು ಹೇಳಿದರೋ ಕೇಳಲಿಲ್ಲ. ಅವನು ಹಲ್ಲಿನಲ್ಲಿದ್ದ ಬೀಡಿ ಉಗಿದು ಗಡಬಡಿಸಿ ಬಸ್ಸನ್ನು ಹಿಂದೆ ತೆಗೆದ. ಅವರು ಬಂದು ಕುಳಿತರು. ಏದುಸಿರು ಬಿಡುತ್ತಿದ್ದರು.

ಶರಾವತಿ ಸೇತುವೆ ಬಂತು. ದಿನಕ್ಕೆ ಎರಡು ಸಲ ದಾಟಿದರೂ ಅತ್ತೆ ಎರಡು ಸಲವೂ ಹೊಳೆಗೆ ಕೈ ಮುಗಿಯುವವರು. ಬುಟ್ಟಿ ತಲೆಯ ಮೇಲಿದ್ದರೆ ಒಂದು ಕೈಯಲ್ಲಾದರೂ ಮುಗಿಯುತ್ತಾರೆ. ಇವತ್ತು ಕೈ ಎತ್ತಲಿಲ್ಲ. ಸೇತುವೆ ಮುಗಿಯುವ ತನಕ ತಲೆ ತಗ್ಗಿಸಿಯೇ ಇದ್ದರು. ಅದನ್ನು ನೋಡಿದ ನಾನು ಕಿಟಕಿಯ ಕಡೆ ತಿರುಗಿದೆ. ನೋಡದೆ ಇದ್ದಿದ್ದರೆ ಒಳ್ಳೆಯದಿತ್ತು ಅನಿಸಿತು.

ಕುಮಟೆಯ ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಕಾಯಿಸಲಿಲ್ಲ. ಡಾಕ್ಟರ್ ಚಂದನಾ ಸ್ಕ್ಯಾನಿನ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಮೊದಲು ರಕ್ತ ತೆಗೆದರು. ಮೆದುಳಿನ ಅಪ್ಪಣೆ ಹೊರಟಿದೆಯೋ ಇಲ್ಲವೋ ಎಂಬುದು ರಕ್ತದಲ್ಲಿ ತಿಳಿಯುತ್ತದೆ, ಆದರೆ ವರದಿ ಬರಲು ಹೊತ್ತು ಹಿಡಿಯುತ್ತದೆ. ಅಂಡಗಳು ಇವೆಯೋ ಇಲ್ಲವೋ ಎಂಬುದು ಮಾತ್ರ ಈಗಲೇ ಕಾಣುತ್ತದೆ. ನನ್ನನ್ನು ಮಲಗಿಸಿದರು. ಅತ್ತೆ ಹೊರಗೇ ನಿಂತಿದ್ದರು. ಡಾಕ್ಟರೇ ಅವರನ್ನು ಒಳಗೆ ಕರೆದರು.

ಪರದೆಯ ಮೇಲೆ ಬೂದುಬಣ್ಣದ ಮಂಜು ಅಲುಗಾಡಿತು. ಎಡಗಡೆ ಮೊದಲು. ಕಪ್ಪು ಉರುಟುಗಳು ಒಂದರ ಪಕ್ಕ ಒಂದು, ದ್ರಾಕ್ಷಿಯ ಗೊಂಚಲಿನ ಹಾಗೆ, ತುಂಬಿಕೊಂಡು ಕುಳಿತಿದ್ದವು. ನನಗೆ ಜೀವ ಬಂತು. ಅತ್ತೆಯ ಬಾಯಿಂದ "ಅಯ್ಯೋ ದೇವ್ರೆ" ಎಂದು ಉಸಿರು ಹೊರಬಿತ್ತು.

ಆಮೇಲೆ ಬಲಗಡೆ. ಡಾಕ್ಟರ ಕೈ ಒಂದು ಕಡೆ ನಿಂತಿತು. ಸ್ವಲ್ಪ ಆಚೆ ಹೋಗಿ ಮತ್ತೆ ಅಲ್ಲಿಗೇ ಬಂತು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ.

"ಇಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದಿತ್ತು," ಎಂದರು ಕೊನೆಗೆ. "ಅದು ಒಡೆದಿದೆ. ನೋಡಿ, ಚಪ್ಪಟೆಯಾಗಿದೆ. ಸುತ್ತ ಸ್ವಲ್ಪ ನೀರು ನಿಂತಿದೆ. ಉಳಿದವು ಇವೆ."

ದೊಡ್ಡದು. ಹೋದ ಸ್ಕ್ಯಾನಿನಲ್ಲಿ ಡಾಕ್ಟರ್ ಅದನ್ನೇ ತೋರಿಸಿ, ಇವನೇ ಯಜಮಾನ ಎಂದು ನಕ್ಕಿದ್ದರು. ನಾನು ಅದಕ್ಕೇ ಮನಸ್ಸು ಕೊಟ್ಟಿದ್ದೆ. ಕಣ್ಣು ಮುಚ್ಚಿಕೊಂಡೆ. ಕಿವಿಯ ಕಡೆಗೆ ನೀರು ಇಳಿಯಿತು.

"ಐಸಿಂದಲೇ ಆದದ್ದಾ?" ಎಂದೆ. ನನಗೆ ಹೌದು ಎಂಬ ಉತ್ತರ ಬೇಕಾಗಿತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಹೌದು ಎಂದರೆ ಸಿಟ್ಟನ್ನು ಎಲ್ಲಿಡಬೇಕೆಂದು ಗೊತ್ತಾಗುತ್ತಿತ್ತು.

"ಹಾಗೆಂದು ಹೇಳಲಾರೆ. ಔಷಧಿ ಸರಿ ಇದ್ದಾಗಲೂ ಅಪರೂಪಕ್ಕೆ ಹೀಗಾಗುವುದುಂಟು. ಐಸಿನಿಂದ ಅಲ್ಲ ಎಂದೂ ಹೇಳಲಾರೆ," ಎಂದರು ಡಾಕ್ಟರ್. "ಈಗ ಉಳಿದವು ನಿಲ್ಲುತ್ತವೆಯೋ ಇಲ್ಲವೋ, ರಕ್ತದ ವರದಿ ಹೇಳಬೇಕು."

ಅತ್ತೆ ಗೋಡೆ ಹಿಡಿದು ನಿಂತಿದ್ದರು. ಅವರ ಧ್ವನಿ ಬಹಳ ಸಣ್ಣಗಿತ್ತು. "ಡಾಕ್ಟ್ರೆ, ಹಾಂಗಾರೆ ನನ್ನ ಮಗನದ್ದೂ ಹಾಳಾಗಿ ಹೋತಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಬೋಟು ಯಾವಾಗ ದಡಕ್ಕೆ ಬರುತ್ತದೆಂದು ಹೇಳಲಾಗದು ಎಂದು ಕಿರಣನ ವೀರ್ಯವನ್ನು ಇದೇ ಆಸ್ಪತ್ರೆಯಲ್ಲಿ ಮೊದಲೇ ತೆಗೆದು ಶೀತಲೀಕರಿಸಿ ಇಟ್ಟಿದ್ದರು. ಆ ಸುದ್ದಿ ಕೇಳಿ ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. "ನನ್ನ ಮಗನ್ನೂ ಐಸಲ್ಲಿ ಹಾಕಿದ್ರಾ!" ಎಂದು ವಾರವಿಡೀ ಅದೇ ಮಾತು. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ ಅಂತೆ ಎಂದು ನಾನೇ ಅವರಿಗೆ ಹೇಳಿದ್ದೆ. ಅತ್ತೆ ನಂಬಿದ್ದರು. ನಂಬದೆ ಇರಲು ಅವರಿಗೆ ಕಾರಣವೇ ಇರಲಿಲ್ಲ. ಜೀವಮಾನವಿಡೀ ಐಸು ಅವರ ಅನ್ನ ಕಾಪಾಡಿದ್ದು. ಮಗನದ್ದನ್ನು ಡಾಕ್ಟರೇ ಐಸಲ್ಲಿಟ್ಟ ಮೇಲೆ ಸೊಸೆಯದ್ದನ್ನು ತಾವೂ ಐಸಲ್ಲಿಟ್ಟರು. ಈಗ, ನಾನು ಅವರನ್ನು ಕೊಲೆಗಾರ್ತಿ ಎಂಬಂತೆ ಬೈದ ಮೇಲೂ, ಅವರು ತಮ್ಮ ಪರವಾಗಿ ಒಂದು ಮಾತಾಡದೆ, ದಾರಿಯುದ್ದಕ್ಕೂ ಮಗನದ್ದೂ ಹೋಯಿತು ಎಂಬ ಹೆದರಿಕೆಯನ್ನು ನುಂಗಿಕೊಂಡು ಬಂದಿದ್ದರು.

"ಅದಕ್ಕೆ ಏನೂ ಆಗಿಲ್ಲ ಅಮ್ಮ," ಎಂದರು ಡಾಕ್ಟರ್, ವಿಷಯ ತಿಳಿದ ಮೇಲೆ. "ಅದನ್ನು ಇಡುವ ಕ್ರಮವೇ ಬೇರೆ. ಕಾಪಾಡುವ ದ್ರವ ಬೆರೆಸಿ, ಬೇರೆಯೇ ಥರ ತಣಿಸಿ ಇಡುತ್ತೇವೆ. ಎಲ್ಲವೂ ಐಸಿಗೆ ಒಗ್ಗುವುದಿಲ್ಲ."

"ನಂಗೆ ಅದು ಗೊತ್ತಿರ್ಲಿಲ್ಲ," ಎಂದರು ಅತ್ತೆ. ಹೇಳಿದ್ದು ಡಾಕ್ಟರಿಗೆ. ನನ್ನ ಕಡೆ ನೋಡಲಿಲ್ಲ.

ವರದಿಗಾಗಿ ಹೊರಗಿನ ಬೆಂಚಿನ ಮೇಲೆ ಕಾದೆವು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದೆವು. ಬೇರೆ ಬೇರೆ ಹೆಂಗಸರು ಒಳಗೆ ಹೋಗಿ ಹೊರಗೆ ಬಂದರು. ಸುಬ್ಬ ಚಹಾ ತಂದುಕೊಟ್ಟ, ಇಬ್ಬರೂ ಕುಡಿಯಲಿಲ್ಲ. ಕ್ಷಮೆ ಕೇಳಬೇಕು ಎಂದು ನನಗೆ ಗೊತ್ತಿತ್ತು. ಆದರೆ ಆ ದೊಡ್ಡದು ಹೋಗಿತ್ತು. ಅದೂ ನಿಜವೇ. ನನ್ನೊಳಗೆ ಕರುಣೆಯೂ ಸಿಟ್ಟೂ ಒಂದರ ಜುಟ್ಟು ಒಂದು ಹಿಡಿದುಕೊಂಡಿದ್ದವು, ಯಾವುದೂ ಬಿಡುತ್ತಿರಲಿಲ್ಲ.

ಬಾಗಿಲು ತೆರೆಯಿತು. ಡಾಕ್ಟರೇ ಹೊರಗೆ ಬಂದರು, ಕೈಯಲ್ಲಿ ಕಾಗದ. ನಾನು ಎದ್ದು ನಿಂತೆ. ಅತ್ತೆ ಏಳಲಿಲ್ಲ. ಡಾಕ್ಟರ ಕೈಯ ಕಾಗದವನ್ನೇ ನೋಡುತ್ತಿದ್ದರು.

"ಹಾರ್ಮೋನು ಏರಲಿಕ್ಕೆ ಶುರುವಾಗಿತ್ತು. ಪೂರ್ತಿ ಏರಿಲ್ಲ," ಎಂದರು ಡಾಕ್ಟರ್. "ಭಟ್ಕಳದಲ್ಲಿ ಚುಚ್ಚಿಕೊಂಡದ್ದು ಉಳಿದವನ್ನು ಹಿಡಿದು ನಿಲ್ಲಿಸುತ್ತದೆ ಎಂದು ನನ್ನ ನಂಬಿಕೆ. ನಾವು ಇನ್ನು ಕಾಯುವುದು ಬೇಡ. ಇಲ್ಲೇ ಅಡ್ಮಿಟ್ ಆಗಿ. ಅಂಡ ಪಕ್ವವಾಗುವ ಇಂಜೆಕ್ಷನ್ ಇವತ್ತೇ ಕೊಟ್ಟು, ಅಂದುಕೊಂಡದ್ದಕ್ಕಿಂತ ಮೊದಲೇ ತೆಗೆಯುವ. ಕಿರಣ ಬರದಿದ್ದರೂ ತೊಂದರೆ ಇಲ್ಲ, ಅವರದ್ದು ಇಲ್ಲಿದೆ."

ಅವರು ಒಳಗೆ ಹೋದರು. ನಾನು ಬೆಂಚಿನ ಮೇಲೆ ಕುಸಿದು, ಎಲ್ಲರೂ ನೋಡುತ್ತಾರೆಂಬುದನ್ನೂ ಮರೆತು, ಗೊಳೋ ಎಂದು ಅತ್ತುಬಿಟ್ಟೆ. ಉಳಿದಿವೆ! ಎಲ್ಲವೂ ಅಲ್ಲ, ಆದರೆ ಉಳಿದಿವೆ. ಬೆಳಗಿನಿಂದ ಹಿಡಿದಿಟ್ಟ ಅಳುವೆಲ್ಲ ಒಮ್ಮೆಲೇ ಬಂತು.

ಅಳು ನಿಂತ ಮೇಲೆ ನೋಡಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

"ಹೋದದ್ದು ದೊಡ್ಡದಲ್ದಾ?" ಎಂದರು.

"ಹೌದು."

"ಉಳಿದದ್ರಲ್ಲಿ ಒಂದು ನಿಂತು ಮಗು ಆತು ಅಂದ್ರೆ ಯಾರೂ ಎಂತದೂ ಕೇಳೂದಿಲ್ಲ. ಆಗ್ಲಿಲ್ಲ ಅಂದ್ರೆ?" ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಆಗ್ಲಿಲ್ಲ ಅಂದ್ರೆ, ಆ ಹೋದದ್ರಲ್ಲೇ ನನ್ನ ಮಗು ಇತ್ತು ಅಂತ ನಾ ಸಾಯೂವರೆಗೂ ನೀ ಹೇಳ್ತಿ."

ಇಲ್ಲ ಅತ್ತೆ, ಹಾಗೆಲ್ಲ ಹೇಳುವುದಿಲ್ಲ ಎನ್ನಬೇಕಿತ್ತು. ಒಳ್ಳೆಯ ಸೊಸೆಯಾಗಿದ್ದರೆ ಅನ್ನುತ್ತಿದ್ದಳು. ಬಾಯಿಗೆ ಬಂದ ಆ ಮಾತು ಹೊರಗೆ ಬರಲಿಲ್ಲ, ಯಾಕೆಂದರೆ ಅದು ಸುಳ್ಳು. ಮಗು ಆಗದಿದ್ದರೆ ನಾನು ಒಡೆದುಹೋದ ಆ ಯಜಮಾನನನ್ನು ಮರೆಯುವವಳಲ್ಲ. ಯಾವುದೋ ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾದರೂ ಸಾಕು, ಆ ಮಾತು ನನ್ನ ಬಾಯಿಂದ ಬಂದೇ ಬರುತ್ತದೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

"ಹೇಳ್ತೆ," ಎಂದೆ. "ಹೇಳದೆ ಇರೂಕೆ ನನ್ನಿಂದ ಆಗೂದಿಲ್ಲ. ನಿಮ್ಮ ಹತ್ರ ಅಲ್ದೆ ಮತ್ಯಾರ ಹತ್ರ ಹೇಳ್ಲಿ?"

ಅತ್ತೆ ನಮ್ಮ ನಡುವೆ ಖಾಲಿ ಬಿಟ್ಟಿದ್ದ ಜಾಗಕ್ಕೆ ಸರಿದು ಬಂದರು. ಅವರ ಸೀರೆಯಿಂದ ಮೀನಿನ ವಾಸನೆ ಬರುತ್ತಿತ್ತು.

"ಹೇಳು," ಎಂದರು. "ಎಷ್ಟು ಬೇಕಾದ್ರೂ ಹೇಳು, ಕೇಳ್ತೆ. ಬೇಕಂತ ಮಾಡ್ದೆ ಅಂತ ಮಾತ್ರ ಹೇಳ್ಬೇಡ."